ಭೀಷ್ಮಾಚಾರ್ಯರ ತಲೆದಿಂಬು

ಮಾಘ ಶುದ್ಧ ಅಷ್ಟಮಿಯಂದು ಭೀಷ್ಮಾಚಾರ್ಯರಿಗೆ ತರ್ಪಣ ಕೊಡುವ ಸಂಪ್ರದಾಯವು ನಮ್ಮ ಮನೆಗಳಲ್ಲಿ ಅನೂಚಾನವಾಗಿ ನಡೆದುಬಂದಿದೆ. ಸ್ನಾನ ಸಂಧ್ಯಾವಂದನೆಗಳನ್ನು ತೀರಿಸಿ, ಸಂಕಲ್ಪ ಹೇಳಿ, ವೈಯಾಘ್ರಪಾದ ಗೋತ್ರವನ್ನು ಉಚ್ಚರಿಸಿ, ಗಂಗಾಪುತ್ರನ ಹೆಸರಿನಲ್ಲಿ ನೀರು ಬಿಡುತ್ತೇವೆ. ಆ ಗೋತ್ರ ನಮ್ಮದಲ್ಲ. ಆ ವಂಶವೂ ನಮ್ಮದಲ್ಲ. ಆಜನ್ಮ ಬ್ರಹ್ಮಚಾರಿಯಾಗಿದ್ದ ಆ ಮಹಾತ್ಮನಿಗೆ ನೀರು ಬಿಡಲು ಮಕ್ಕಳಿಲ್ಲವೆಂಬುದನ್ನು ಮನಗಂಡ ಹಿರಿಯರು, ಸಮಾಜವೆಲ್ಲವೂ ಆತನಿಗೆ ಮಗನ ಸ್ಥಾನದಲ್ಲಿ ನಿಲ್ಲಲಿ ಎಂದು ವಿಧಿಸಿದರು. ಯಾರೂ ಇಲ್ಲದವನಿಗೆ ಎಲ್ಲರೂ ಇದ್ದಾರೆ ಎಂಬ ಭಾವನೆಯನ್ನು ಇದಕ್ಕಿಂತ ಸುಲಭವಾಗಿ ಕಲಿಸುವ ಬೇರೊಂದು ಆಚರಣೆ ನಮ್ಮ ಪಂಚಾಂಗದಲ್ಲಿ ಇದೆಯೋ ಇಲ್ಲವೋ.

ಕಳೆದ ವರ್ಷ ಈ ತರ್ಪಣವನ್ನು ಮುಗಿಸಿ ಮಣೆಯಿಂದ ಏಳುತ್ತಿರುವಾಗ ನನ್ನ ಮನಸ್ಸಿಗೆ ಒಂದು ಮುಳ್ಳು ಚುಚ್ಚಿತು. ನಮ್ಮ ಮನೆಯಿಂದ ಎರಡು ಬೀದಿಗಳ ಆಚೆ ನನ್ನ ಬಾಲ್ಯದ ಗೆಳೆಯರೊಬ್ಬರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು ಮೂರನೆಯ ವರ್ಷ ನಡೆಯುತ್ತಿತ್ತು. ಮಗ ಹೊರದೇಶದಲ್ಲಿ, ಮನೆಯಲ್ಲಿ ಅವರ ಧರ್ಮಪತ್ನಿಯೊಬ್ಬರೆ. ಮೊದಲ ತಿಂಗಳಲ್ಲಿ ನಾನು ದಿನವೂ ಹೋದೆ. ಆರನೆಯ ತಿಂಗಳಲ್ಲಿ ವಾರಕ್ಕೊಮ್ಮೆ ಹೋದೆ. ಈಚೆಗೆ ಎಂಟು ತಿಂಗಳಿಂದ ಹೋಗಿಯೇ ಇರಲಿಲ್ಲ. ಸಾವಿರಾರು ವರ್ಷಗಳ ಹಿಂದೆ ಶರಶಯ್ಯೆಯಲ್ಲಿ ಮಲಗಿದವರಿಗೆ ತಪ್ಪದೆ ನೀರು ಬಿಟ್ಟ ಈ ಕೈ, ಎರಡು ಬೀದಿಯಾಚೆ ಮಲಗಿರುವವರಿಗೆ ಒಂದು ಲೋಟ ನೀರನ್ನು ಎತ್ತಿಕೊಡದೆ ಎಂಟು ತಿಂಗಳಾಗಿತ್ತು. ಸತ್ತವರಿಗೆ ಶ್ರದ್ಧೆಯಿಂದ ಸಲ್ಲಿಸುವುದನ್ನು ಬದುಕಿ ಮಲಗಿರುವವರಿಗೆ ಸಲ್ಲಿಸುತ್ತಿದ್ದೇವೆಯೆ? ಅದು ನಮ್ಮ ಧರ್ಮಕ್ಕೆ ಸೇರಿದ್ದೊ, ಕೇವಲ ಲೋಕರೂಢಿಯ ಸೌಜನ್ಯವೊ? ಈ ಪ್ರಶ್ನೆಯನ್ನು ಓದುಗರ ಮುಂದಿಟ್ಟು ಯಥಾಮತಿ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಮರಣದ ವಿಷಯದಲ್ಲಿ ನಮ್ಮ ಪೂರ್ವಿಕರು ಮಾಡಿಟ್ಟಿರುವ ವ್ಯವಸ್ಥೆಯನ್ನು ಮೊದಲು ನೋಡೋಣ. ಸಾವು ಸಂಭವಿಸಿದ ಮನೆಯಲ್ಲಿ ಆ ದಿನ ಒಲೆ ಹೊತ್ತಿಸುವಂತಿಲ್ಲ. ಬಂಧುಗಳೋ ನೆರೆಯವರೋ ಊಟವನ್ನು ತಂದು ಬಡಿಸಬೇಕು. ಹೊರಲು ನಾಲ್ಕು ಹೆಗಲು ಬೇಕು. ಹತ್ತು ದಿನಗಳಲ್ಲಿ ಧರ್ಮೋದಕಕ್ಕೆ ಜ್ಞಾತಿಗಳು ಸೇರಬೇಕು. ಹನ್ನೊಂದನೆಯ ದಿನ ಏಕೋದ್ದಿಷ್ಟ, ಹನ್ನೆರಡನೆಯ ದಿನ ಸಪಿಂಡೀಕರಣ, ಹದಿಮೂರನೆಯ ದಿನ ವೈಕುಂಠ ಸಮಾರಾಧನೆ. ಅಲ್ಲಿಗೂ ಮುಗಿಯುವುದಿಲ್ಲ. ಹನ್ನೆರಡು ಮಾಸಿಕಗಳ ಜೊತೆಗೆ ಊನಮಾಸಿಕ, ತ್ರೈಪಕ್ಷಿಕ, ಊನಷಾಣ್ಮಾಸಿಕ, ಊನಾಬ್ದಿಕಗಳೂ ಸೇರಿ ವರ್ಷದಲ್ಲಿ ಹದಿನಾರು ಶ್ರಾದ್ಧಗಳು. ಇವೆಲ್ಲವೂ ಮೃತನ ಸದ್ಗತಿಗಾಗಿ ವಿಹಿತವಾದುವೆಂಬುದರಲ್ಲಿ ಸಂದೇಹವಿಲ್ಲ. ಅದರೊಡನೆ ಬದುಕಿ ಉಳಿದವರಿಗೂ ಇದರಿಂದ ಒಂದು ಮಹೋಪಕಾರವಾಗುತ್ತದೆ. ಹದಿಮೂರು ದಿನ ಮನೆಯಲ್ಲಿ ಜನರಿರುತ್ತಾರೆ. ಆಮೇಲೆ ತಿಂಗಳಿಗೊಮ್ಮೆಯಾದರೂ ಬಾಗಿಲು ತೆರೆದು ನಾಲ್ಕು ಜನ ಒಳಗೆ ಬರುತ್ತಾರೆ. ಅತ್ತವರಿಗೆ ಅಳಲು, ಮಾತನಾಡುವವರಿಗೆ ಮಾತನಾಡಲು ಒಂದು ತಿಥಿ ಗೊತ್ತಾಗಿರುತ್ತದೆ. ದುಃಖಿತನು ತಾನಾಗಿ ಯಾರನ್ನೂ ಕರೆಯಬೇಕಾಗಿಲ್ಲ. ಅನಾಥಪ್ರೇತಸಂಸ್ಕಾರವನ್ನು ಹಿರಿಯರು ಯಜ್ಞಕ್ಕೆ ಸಮವೆಂದು ಹೊಗಳಿದ್ದೂ ಇದೇ ದೃಷ್ಟಿಯಿಂದ.

ಈ ವ್ಯವಸ್ಥೆ ಎಷ್ಟು ದೊಡ್ಡದೆಂಬುದು ಅದು ಕಳಚಿಬಿದ್ದಾಗಲೇ ನಮಗೆ ತಿಳಿದದ್ದು. ೨೦೨೦ ಮತ್ತು ೨೦೨೧ನೆಯ ಇಸವಿಗಳಲ್ಲಿ ಕೊರೋನಾ ವ್ಯಾಧಿಯು ಹಬ್ಬಿದ್ದಾಗ, ತುಂಬಿದ ಮನೆತನದ ಹಿರಿಯರು ಕೂಡ ನಾಲ್ಕು ಹೆಗಲುಗಳಿಲ್ಲದೆ, ಮಕ್ಕಳ ಕೈಯಿಂದ ಬಾಯಿಗೆ ತೀರ್ಥ ಬೀಳದೆ ಹೊರಟುಹೋದರು. ಅಂದು ದುಃಖಿಸಿದವರಲ್ಲಿ ಅನೇಕರಿಗೆ ಇಂದಿಗೂ ಆ ದುಃಖ ಇಳಿದಿಲ್ಲ. ಸಾವಿನ ನೋವಿಗಿಂತಲೂ ಯಾರೂ ಬಳಿಗೆ ಬರಲಿಲ್ಲವೆಂಬ ನೋವು ಆಳಕ್ಕೆ ಇಳಿಯುತ್ತದೆ.

ಹೀಗಿರಲು, ಸಾವಿನ ಹಿಂದಿನ ದಿನಗಳಿಗೆ ನಮ್ಮಲ್ಲಿ ಇಂಥ ವ್ಯವಸ್ಥೆ ಏನಿದೆ? ರೋಗಕ್ಕೆ ತಿಥಿಯಿಲ್ಲ. ಮೂರು ವರ್ಷ ಮಲಗಿದವರ ಮನೆಗೆ ಯಾವ ದಿನ ಹೋಗಬೇಕೆಂದು ಯಾವ ಪಂಚಾಂಗವೂ ಹೇಳುವುದಿಲ್ಲ. ನನ್ನ ತಾಯಿಯವರು ನಾಲ್ಕು ವರ್ಷ ಹಾಸಿಗೆಯಲ್ಲಿದ್ದು ಹರಿಪಾದವನ್ನು ಸೇರಿದರು. ಆರಂಭದಲ್ಲಿ ಮನೆ ತುಂಬ ಜನ. ಹಣ್ಣಿನ ಬುಟ್ಟಿಗಳನ್ನು ಇಡಲು ಜಾಗವಿರಲಿಲ್ಲ. ಎರಡನೆಯ ವರ್ಷಕ್ಕೆ ದೂರವಾಣಿಯ ಕುಶಲಪ್ರಶ್ನೆ. ಮೂರನೆಯ ವರ್ಷಕ್ಕೆ ಅದೂ ಇಲ್ಲ. ಸಮಾರಾಧನೆಯ ದಿನ ಇನ್ನೂರು ಎಲೆ ಬಿದ್ದುವು. ಬಂದವರೆಲ್ಲರೂ ತಾಯಿಯವರ ಗುಣವನ್ನು ಮನಸಾರೆ ಹೊಗಳಿದರು. ಅವರ ಕಣ್ಣೀರು ಸುಳ್ಳಲ್ಲ. ಆದರೆ ನಾಲ್ಕು ವರ್ಷ ಮಲಮೂತ್ರಗಳನ್ನು ತೆಗೆದು, ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯ ನಿದ್ರೆಯನ್ನು ಮರೆತವಳು ನನ್ನ ಹೆಂಡತಿ. ಅಂದಿನ ಪಂಕ್ತಿಯಲ್ಲಿ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ನಾನೂ ಎತ್ತಲಿಲ್ಲ. ಆ ನಾಲ್ಕು ವರ್ಷಗಳಲ್ಲಿ ತಪ್ಪದೆ ಬಂದವರು ಎದುರು ಮನೆಯ ಒಬ್ಬ ವೃದ್ಧೆ. ಪ್ರತಿ ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ಬಂದು, “ನೀನು ಹೋಗಿ ಮಲಗವ್ವ, ನಾನಿಲ್ಲಿ ಬತ್ತಿ ಹೊಸೆಯುತ್ತ ಕೂತಿರ್ತೀನಿ” ಎನ್ನುತ್ತಿದ್ದರು. ಎರಡು ಗಂಟೆಗಳ ಆ ನಿದ್ರೆಯೇ ತನ್ನನ್ನು ಉಳಿಸಿತೆಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಇದನ್ನೆಲ್ಲ ಕಣ್ಣಾರೆ ಕಂಡಿದ್ದ ನಾನೇ ಗೆಳೆಯರ ಮನೆಯನ್ನು ಮರೆತೆನೆಂದರೆ, ಈ ಮರೆವು ಮನುಷ್ಯಸ್ವಭಾವದಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂಬುದನ್ನು ಊಹಿಸಬಹುದು.

ಈ ಮರೆವಿಗೆ ನಾವು ಕೊಡುವ ಸಮಾಧಾನಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಒಂದಿದೆ. ಏಕೆಂದರೆ ಅದು ಶಾಸ್ತ್ರದ ವೇಷ ಹಾಕಿಕೊಂಡು ಬರುತ್ತದೆ. “ಏನು ಮಾಡುವುದು, ಅವರವರ ಪ್ರಾರಬ್ಧ; ಅನುಭವಿಸಿಯೇ ತೀರಬೇಕು” ಎಂಬುದೇ ಆ ಮಾತು. ಪ್ರಾರಬ್ಧಕರ್ಮವು ಭೋಗದಿಂದಲೇ ಸವೆಯುವುದೆಂಬುದು ಶಾಸ್ತ್ರಸಮ್ಮತವಾದುದೇ. ಆದರೆ ಆ ಸಿದ್ಧಾಂತದಿಂದ ನೆರೆಯವನಿಗೆ ಸುಮ್ಮನಿರುವ ಅಧಿಕಾರ ಬರುತ್ತದೆಯೆ? ಒಬ್ಬನ ಪ್ರಾರಬ್ಧದಲ್ಲಿ ರೋಗವಿದ್ದಂತೆಯೇ, ಆ ರೋಗದಲ್ಲಿ ಒಬ್ಬ ಮಿತ್ರನ ನೆರವು ದೊರೆಯುವುದೂ ಇರಬಹುದಷ್ಟೆ. ಆ ನೆರವು ನಿಮ್ಮ ಕೈಯಿಂದ ಆಗಬೇಕೆಂದು ಶ್ರೀಹರಿಯ ಸಂಕಲ್ಪವಿದ್ದರೆ? ಅವನ ಪ್ರಾರಬ್ಧದ ಲೆಕ್ಕ ನಮಗೆ ತಿಳಿಯದು; ನಮ್ಮ ಕರ್ತವ್ಯ ಮಾತ್ರ ಕಣ್ಣೆದುರಿಗೆ ಮಲಗಿದೆ. ಜೀವನು ಸ್ವತಂತ್ರನಲ್ಲ, ಪರಾಧೀನಕರ್ತೃವೆಂಬುದು ನಮ್ಮ ಸಿದ್ಧಾಂತ. ಅವನ ಅಧೀನದಲ್ಲಿ ಕರ್ತೃತ್ವವಿದೆಯೆಂದ ಮೇಲೆ, ಅವನು ಕೊಟ್ಟ ಕೈಕಾಲುಗಳನ್ನು ಅವನ ಕೆಲಸಕ್ಕೆ ಹಚ್ಚದೆ ಇರುವುದು ಸಿದ್ಧಾಂತಕ್ಕೆ ಮಾಡುವ ಅಪಚಾರವೇ ಸರಿ. ಪ್ರಾರಬ್ಧವೆಂಬ ಮಾತು ನೋವುಂಡವನ ಬಾಯಿಂದ ಬಂದರೆ ವೈರಾಗ್ಯ. ನೋಡಲು ಬಂದವನ ಬಾಯಿಂದ ಬಂದರೆ ನಿರ್ದಯೆ.

ಶ್ರೀಮದಾಚಾರ್ಯರು ಗೀತಾತಾತ್ಪರ್ಯದಲ್ಲಿ ಜನರಿಗೆ ಸಲ್ಲಿಸಬೇಕಾದ ಶುಶ್ರೂಷೆಯನ್ನು ಅರಸನಿಗೆ ಒಪ್ಪಿಸುವ ಕಂದಾಯಕ್ಕೆ ಹೋಲಿಸಿದ್ದಾರೆ. ಈ ಹೋಲಿಕೆ ಬಹಳ ಅರ್ಥಗರ್ಭಿತವಾಗಿದೆ. ಕಂದಾಯವನ್ನು ಯಾರೂ ದಾನವೆಂದು ಹೇಳಿಕೊಳ್ಳುವುದಿಲ್ಲ. ಮನಸ್ಸು ಬಂದಾಗ ಕೊಟ್ಟು, ಬೇಸರವಾದಾಗ ಬಿಡುವುದಿಲ್ಲ. ಅವನ ರಾಜ್ಯದಲ್ಲಿ ಉಂಡು ಉಟ್ಟು ಬದುಕಿದ್ದಕ್ಕೆ ಅದು ಬಾಕಿ. ಶುಶ್ರೂಷೆಯೆಂಬುದು ನಾವು ತೋರಿಸುವ ಔದಾರ್ಯವೆಂದು ಭಾವಿಸುವವರೆಗೆ ಆರು ತಿಂಗಳಲ್ಲಿ ಅದು ಬತ್ತುತ್ತದೆ. ಕಂದಾಯವೆಂದು ತಿಳಿದರೆ ಗಡುವಿಗೆ ಸರಿಯಾಗಿ ಸಲ್ಲುತ್ತದೆ.

ಶುಶ್ರೂಷೆ ಎಂಬ ಶಬ್ದವನ್ನೇ ಸ್ವಲ್ಪ ವಿಚಾರಿಸಬೇಕು. ಕೇಳುವುದೆಂಬ ಅರ್ಥದ ‘ಶ್ರು’ ಧಾತುವಿನಿಂದ ಬಂದ ಈ ಪದಕ್ಕೆ ‘ಕೇಳಬೇಕೆಂಬ ಇಚ್ಛೆ’ ಎಂಬುದೇ ಮೂಲಾರ್ಥ. ಗುರುವಿನ ಬಳಿ ಕುಳಿತು ಕೇಳಬಯಸುವವನ ಸೇವೆಗೆ ಸಂದ ಪದವನ್ನೇ ನಾವು ರೋಗಿಯ ಉಪಚಾರಕ್ಕೂ ಬಳಸುತ್ತೇವೆ. ಕನ್ನಡದ ‘ಕೇಳು’ ಎಂಬ ಪದಕ್ಕಂತೂ ಕಿವಿಗೊಡುವುದು, ಪ್ರಶ್ನಿಸುವುದು ಎಂಬ ಎರಡು ಅರ್ಥಗಳೂ ಇವೆ. ರೋಗಿಯನ್ನು ನೋಡಲು ಹೋಗುವ ನಾವು ಈ ಎರಡರಲ್ಲಿ ಯಾವುದನ್ನು ಮಾಡುತ್ತೇವೆ? ಇಂಥ ವೈದ್ಯರನ್ನು ನೋಡಿ, ಇಂಥ ಕಷಾಯ ಕುಡಿಸಿ, ನಮ್ಮ ಷಡ್ಡಕರಿಗೂ ಹೀಗೆಯೇ ಆಗಿ ಆರು ತಿಂಗಳಲ್ಲಿ ಹೋಗಿಬಿಟ್ಟರು ಎಂದು ಹೇಳಿ ಬರುತ್ತೇವೆ.

ಇಲ್ಲಿ ಭೀಷ್ಮಪರ್ವದ ಒಂದು ಪ್ರಸಂಗವನ್ನು ನೆನೆಯುವುದು ಉಚಿತ. ಹತ್ತನೆಯ ದಿನದ ಯುದ್ಧದಲ್ಲಿ ಪಿತಾಮಹರು ಬಿದ್ದರು. ಮೈಯೆಲ್ಲ ಬಾಣಗಳ ಮೇಲೆ ನಿಂತಿತ್ತು. ತಲೆ ಮಾತ್ರ ಆಸರೆಯಿಲ್ಲದೆ ಜೋಲುತ್ತಿತ್ತು. ಎರಡು ಪಕ್ಷದವರೂ ಕವಚಗಳನ್ನು ಕಳಚಿಟ್ಟು ಬಂದು ಸುತ್ತ ನಿಂತರು. ತಲೆಗೆ ದಿಂಬು ಬೇಕೆಂದಾಗ ರಾಜರು ಮೃದುವಾದ, ಬೆಲೆಬಾಳುವ ದಿಂಬುಗಳನ್ನು ತರಿಸಿದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ತಮಗೆ ಯಾವುದು ಸುಖವೋ ಅದನ್ನೇ ತಂದರು. ಪಿತಾಮಹರು ನಕ್ಕು, ಈ ಹಾಸಿಗೆಗೆ ಇವು ತಕ್ಕುವಲ್ಲವೆಂದು ಹೇಳಿ ಅರ್ಜುನನ ಕಡೆ ನೋಡಿದರು. ಅರ್ಜುನನು ಕಣ್ಣೀರು ತುಂಬಿ, ಏನು ಮಾಡಬೇಕು ಅಪ್ಪಣೆಯಾಗಲಿ ಎಂದು ಕೇಳಿದನು. ಕೇಳಿ ತಿಳಿದು ಮೂರು ಬಾಣಗಳಿಂದ ತಲೆಗೆ ಆಸರೆ ಕೊಟ್ಟನು. ಮರುದಿನ ಬಾಯಾರಿಕೆಯೆಂದಾಗಲೂ ಹಾಗೆಯೇ. ರಾಜರು ಭಕ್ಷ್ಯಗಳನ್ನೂ ತಣ್ಣೀರಿನ ಕೊಡಗಳನ್ನೂ ತಂದರು. ಅರ್ಜುನನು ಭೂಮಿಯನ್ನು ಭೇದಿಸಿ ನೀರು ಚಿಮ್ಮಿಸಿದನು. ದುರ್ಯೋಧನನು ಬಾಣ ಕೀಳುವ ವೈದ್ಯರನ್ನು ಕರೆತಂದಾಗ, ಅವರಿಗೆ ಸಲ್ಲಬೇಕಾದುದನ್ನು ಕೊಟ್ಟು ಗೌರವದಿಂದ ಕಳುಹಿಸಿಕೊಡೆಂದು ಭೀಷ್ಮರು ಹೇಳಿದರು. ವಾಸಿಯಾಗದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡವೆಂಬುದನ್ನು ಮಲಗಿದವರ ಬಾಯಿಂದಲೇ ಕೇಳಬೇಕೆಂಬ ಸೂಕ್ಷ್ಮವೂ ಇಲ್ಲಿದೆ.

ಶಾಂತಿಪರ್ವದಲ್ಲಿ ಇದಕ್ಕಿಂತ ಮುಖ್ಯವಾದ ಪಾಠವೊಂದಿದೆ. ಬಂಧುಗಳನ್ನು ಕೊಲ್ಲಿಸಿದೆನೆಂಬ ಶೋಕದಿಂದ ಧರ್ಮರಾಜನು ಬೆಂದುಹೋಗಿದ್ದನು. ತಮ್ಮಂದಿರು, ದ್ರೌಪದೀದೇವಿಯರು, ವೇದವ್ಯಾಸದೇವರು ಎಲ್ಲರೂ ಹೇಳಿದರು; ಒಂದು ದಿನದಲ್ಲಿ ಆ ಶೋಕ ಇಳಿಯಲಿಲ್ಲ. ಶ್ರೀಕೃಷ್ಣನು ಅವನನ್ನು ಭೀಷ್ಮರ ಬಳಿಗೆ ಕರೆದೊಯ್ದನು. ಧರ್ಮವನ್ನು ಉಪದೇಶಿಸೆಂದಾಗ ಭೀಷ್ಮರು, ಮೈಯುರಿಯಿಂದ ಬುದ್ಧಿ ಮಂಕಾಗಿದೆ, ಮಾತು ಹೊರಡದು ಎಂದರು. ಆಗ ಜಗನ್ನಾಥನು ಏನು ಮಾಡಿದನು? ನೋವನ್ನು ಸಹಿಸಿಕೊಳ್ಳೆಂದು ಹೇಳಲಿಲ್ಲ. ಇದು ನಿನ್ನ ಪ್ರಾರಬ್ಧವೆಂದು ಹೇಳಲಿಲ್ಲ. ಉರಿ, ನೋವು, ಮೂರ್ಛೆ, ಹಸಿವು, ತೃಷೆಗಳಾವುವೂ ಬಾಧಿಸದಿರಲಿ ಎಂದು ಮೊದಲು ಅನುಗ್ರಹಿಸಿದನು. ಧರ್ಮಶ್ರವಣ ನಡೆದದ್ದು ಮರುದಿನ. ನೋವಿನ ಶಮನ ಮೊದಲು, ಪ್ರವಚನ ಆಮೇಲೆ ಎಂಬ ಕ್ರಮವನ್ನು ಸ್ವಯಂ ಭಗವಂತನೇ ಹಾಕಿಕೊಟ್ಟಿರುವಾಗ, ನರಳುತ್ತಿರುವವರ ಎದುರು ವೇದಾಂತ ಹೇಳುವ ಆತುರ ನಮಗೇಕೆ? ಇನ್ನೊಂದು ಅಂಶವನ್ನೂ ಗಮನಿಸಬೇಕು. ಶೋಕಾರ್ತನಾದವನಿಗೆ ಸಮಾಧಾನ ದೊರೆತದ್ದು ರೋಗಶಯ್ಯೆಯಲ್ಲಿದ್ದವರಿಂದ. ಐವತ್ತೆಂಟು ರಾತ್ರಿಗಳನ್ನು ಬಾಣಗಳ ಮೇಲೆ ಕಳೆದವರೇ ಲೋಕಕ್ಕೆ ಸಹಸ್ರನಾಮವನ್ನು ಕೊಟ್ಟರು. ಹಾಸಿಗೆ ಹಿಡಿದವರು ಕುಟುಂಬಕ್ಕೆ ಹೊರೆ ಎಂಬ ಭಾವನೆಯನ್ನು ಭೀಷ್ಮಾಷ್ಟಮಿಯನ್ನು ಆಚರಿಸುವ ನಾವಾದರೂ ಬಿಡಬೇಕು.

ಮಾತೇ ಬಾರದ, ಗುರುತೇ ಸಿಗದ ಸ್ಥಿತಿಯಲ್ಲಿರುವವರ ವಿಷಯವೇನು ಎಂದು ಕೆಲವರು ಕೇಳಬಹುದು. ಮರೆವಿನ ರೋಗದಿಂದ ಮಗನನ್ನೇ ಗುರುತಿಸಲಾರದ ತಂದೆತಾಯಿಗಳು ಇಂದು ಅನೇಕ ಮನೆಗಳಲ್ಲಿದ್ದಾರೆ. ಅಂಥವರ ಬಳಿ ಕುಳಿತು ಪ್ರಯೋಜನವೇನು? ಇದಕ್ಕೆ ನಮ್ಮ ಸಂಪ್ರದಾಯದಲ್ಲಿ ಸಿದ್ಧವಾದ ಉತ್ತರವಿದೆ. ಜೀವರ ದೇಹದಲ್ಲಿ ನಿಂತು ದಿನವೊಂದಕ್ಕೆ ೨೧,೬೦೦ ಶ್ವಾಸಗಳ ಮೂಲಕ ಹಂಸಮಂತ್ರದ ಜಪವನ್ನು ನಡೆಸುವವರು ಮುಖ್ಯಪ್ರಾಣದೇವರು. ಆ ಜೀವಕ್ಕೆ ತನ್ನ ಹೆಸರು ಮರೆತುಹೋಗಿರಬಹುದು, ಜಪ ನಿಂತಿಲ್ಲ. ಕಷ್ಟದಿಂದ ಎಳೆಯುತ್ತಿರುವ ಒಂದೊಂದು ಉಸಿರೂ ಆ ಜಪವೇ. ಮುಖ್ಯಪ್ರಾಣದೇವರ ಗುಡಿಗೆ ಶನಿವಾರ ಪ್ರದಕ್ಷಿಣೆ ಬರುವ ನಾವು, ಆ ದೇವರು ಎಚ್ಚರವಾಗಿ ಕುಳಿತು ಜಪಿಸುತ್ತಿರುವ ಹಾಸಿಗೆಯ ಬಳಿ ಒಂದು ಗಳಿಗೆ ಕುಳಿತರೆ ಅದು ವ್ಯರ್ಥವಾದೀತೆ?

ಇನ್ನು ಶುಶ್ರೂಷೆಯನ್ನು ಮಾಡುವವರ ವಿಷಯ. ನಮ್ಮ ಮನೆಗಳಲ್ಲಿ ಈ ಭಾರವು ಬಹುಮಟ್ಟಿಗೆ ಹೆಂಡತಿ, ಸೊಸೆ, ಮದುವೆಯಾಗದ ಮಗಳು ಇವರ ಮೇಲೆ ಬೀಳುತ್ತದೆ. ಅವರಲ್ಲಿ ಅನೇಕರಿಗೆ ದೇಹಶ್ರಮಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕೊರೆಯುವ ವ್ಯಥೆ ಬೇರೊಂದು: ಮಡಿ ನಡೆಯಲಿಲ್ಲ, ಪೂಜೆಗೆ ಅಣಿ ಮಾಡಲಾಗಲಿಲ್ಲ, ದೇವಸ್ಥಾನಕ್ಕೆ ಹೋಗಿ ವರ್ಷವಾಯಿತು ಎಂಬ ಅಪರಾಧಭಾವ. ಅಂಥ ತಾಯಂದಿರಿಗೆ ವನಪರ್ವದ ಕೌಶಿಕನ ಕಥೆಯನ್ನು ಹೇಳಬೇಕು. ತಪಸ್ಸಿನ ಬಲದಿಂದ ಕೊಕ್ಕರೆಯನ್ನು ಸುಟ್ಟ ಆ ಬ್ರಾಹ್ಮಣನು ಭಿಕ್ಷೆಗೆ ನಿಂತಾಗ, ಗೃಹಿಣಿಯು ಗಂಡನ ಸೇವೆಯಲ್ಲಿದ್ದುದರಿಂದ ತಡಮಾಡಿದಳು. ಅವನು ಕೆರಳಿದಾಗ, ತಾನು ಕೊಕ್ಕರೆಯಲ್ಲವೆಂದು ಹೇಳಿ, ಧರ್ಮವನ್ನು ಕಲಿಯಲು ಮಿಥಿಲೆಯ ವ್ಯಾಧನ ಬಳಿಗೆ ಕಳುಹಿಸಿದಳು. ಆ ಧರ್ಮವ್ಯಾಧನು ತನ್ನ ವೃದ್ಧ ತಂದೆತಾಯಿಗಳನ್ನು ತೋರಿಸಿ, ಇವರೇ ನನ್ನ ದೇವತೆಗಳೆಂದನು. ಬಳಿಕ, ನೀನು ವೇದವನ್ನು ಓದಲೆಂದು ಅನುಮತಿಯಿಲ್ಲದೆ ಬಿಟ್ಟುಬಂದ ನಿನ್ನ ತಂದೆತಾಯಿಗಳು ನಿನಗಾಗಿ ಅತ್ತು ಕುರುಡರಾಗಿದ್ದಾರೆ, ಮೊದಲು ಅವರ ಬಳಿಗೆ ಹೋಗೆಂದನು. ಸೇವೆಯಲ್ಲಿದ್ದುದರಿಂದ ಅತಿಥಿಪೂಜೆಗೆ ತಡವಾದವಳು ತಪ್ಪಿತಸ್ಥಳಾಗಲಿಲ್ಲ. ವೇದಾಧ್ಯಯನಕ್ಕಾಗಿ ಸೇವೆಯನ್ನು ಬಿಟ್ಟವನೇ ತಪ್ಪಿತಸ್ಥನಾದನು. ವ್ರತವನ್ನು ಕೆಡಿಸದ ಎಂಟು ವಸ್ತುಗಳನ್ನು ಎಣಿಸುವಾಗ ಧರ್ಮಶಾಸ್ತ್ರವು ನೀರು, ಹಾಲು, ಹಣ್ಣುಗಳ ಜೊತೆಗೆ ಔಷಧವನ್ನೂ ಸೇರಿಸಿದೆ. ಶಾಸ್ತ್ರವು ಅಶಕ್ತರ ವಿಷಯದಲ್ಲಿ ನಮಗಿಂತ ಹೆಚ್ಚು ದಯಾಪರವಾಗಿದೆ.

ನಾವು ಕೊಡಬೇಕಾದುದು ಎಷ್ಟು? ದಾಸಪರಂಪರೆಯ ಒಂದು ವೃತ್ತಾಂತವು ಎಲ್ಲರಿಗೂ ತಿಳಿದಿದೆ. ಮಾನವಿಯ ಶ್ರೀನಿವಾಸಾಚಾರ್ಯರು ಪಾಂಡಿತ್ಯದ ಗರ್ವದಿಂದ ವಿಜಯದಾಸರನ್ನು ಕಡೆಗಣಿಸಿ, ಹೊಟ್ಟೆನೋವೆಂದು ನೆಪ ಹೇಳಿ, ಆ ನೋವನ್ನೇ ನಿಜವಾಗಿ ಪಡೆದರು. ಆಯುಸ್ಸೇ ಮುಗಿಯುವ ಸ್ಥಿತಿಯಲ್ಲಿ ಅವರು ಶರಣುಬಂದಾಗ ವಿಜಯದಾಸರು ಹಳೆಯದನ್ನು ಎತ್ತಿ ಆಡದೆ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಸಂಪ್ರದಾಯವು ಹೇಳುತ್ತದೆ. ಆ ನಲವತ್ತು ವರ್ಷಗಳ ಫಲವಾಗಿ ಜಗನ್ನಾಥದಾಸರು ನಮಗೆ ದೊರೆತರು, ಹರಿಕಥಾಮೃತಸಾರವು ದೊರೆಯಿತು. ಅಪರೋಕ್ಷಿಗಳಾದ ಮಹನೀಯರು ಕೊಟ್ಟದ್ದು ನಲವತ್ತು ವರ್ಷ. ನಮ್ಮಂಥ ಪಾಮರರು ವಾರಕ್ಕೆ ಎರಡು ಗಂಟೆಯನ್ನಾದರೂ ಕೊಡಲಾರೆವೆ?

ಎರಡು ಗಂಟೆಯ ಮಾತು ನನ್ನ ಕಲ್ಪನೆಯದಲ್ಲ. ನೆರೆಯ ಕೇರಳದಲ್ಲಿ ೧೯೯೩ರಲ್ಲಿ ಕೋಳಿಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಶ್ರಯದಲ್ಲಿ ಕೆಲವು ವೈದ್ಯರು ಸೇರಿ, ವಾಸಿಯಾಗದ ರೋಗಿಗಳ ನೋವನ್ನು ತಗ್ಗಿಸುವ ಚಿಕಿತ್ಸೆಯನ್ನು ಆರಂಭಿಸಿದರು. ಆಸ್ಪತ್ರೆಯಲ್ಲಿ ನೋವು ಇಳಿಸಿದರೂ, ಮನೆಗೆ ಮರಳಿದ ರೋಗಿಯ ಉಳಿದ ಸಂಕಟಗಳು ಹಾಗೆಯೇ ಇರುವುದನ್ನು ಅವರು ಕಂಡರು. ಅದಕ್ಕಾಗಿ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ಊರವರನ್ನೇ ಸೇರಿಸಿಕೊಂಡರು. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬಲ್ಲವರನ್ನು ಆರಿಸಿ, ಹದಿನಾರು ಗಂಟೆಗಳ ಪಾಠ ಮತ್ತು ರೋಗಿಗಳ ಬಳಿ ನಾಲ್ಕು ದಿನಗಳ ಅಭ್ಯಾಸವನ್ನು ಕೊಟ್ಟು, ನೆರೆಮನೆಗಳಿಗೆ ಕಳುಹಿಸಿದರು. ಅಂಗಡಿಯವರು, ಉಪಾಧ್ಯಾಯರು, ವಿದ್ಯಾರ್ಥಿಗಳು, ಗೃಹಿಣಿಯರು ಈ ಕೆಲಸಕ್ಕೆ ನಿಂತರು. ೨೦೦೮ರಲ್ಲಿ ಆ ರಾಜ್ಯದ ಸರ್ಕಾರವೇ ಇದನ್ನು ತನ್ನ ನೀತಿಯಾಗಿ ಅಂಗೀಕರಿಸಿತು. ನಮ್ಮ ಬೆಂಗಳೂರಿನಲ್ಲಿಯೂ ೧೯೯೯ರಿಂದ ಕರುಣಾಶ್ರಯವೆಂಬ ಸಂಸ್ಥೆಯು, ಗುಣವಾಗುವ ಹಂತವನ್ನು ದಾಟಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಅವರು ಮಾಡುತ್ತಿರುವುದನ್ನು ನೋಡಿ ನಾವು ಕಲಿಯುವುದರಲ್ಲಿ ಸಂಕೋಚವೇನಿದೆ? ಕೌಶಿಕನು ವ್ಯಾಧನಿಂದ ಕಲಿಯಲಿಲ್ಲವೆ?

ಪ್ರತಿಯೊಂದು ದೇವಸ್ಥಾನಕ್ಕೂ ಸೇವೆಗಳ ಒಂದು ಪಟ್ಟಿಯಿರುತ್ತದೆ. ಯಾವ ದಿನ ಯಾರ ಮನೆಯವರ ಪಂಚಾಮೃತ, ಯಾರ ಮನೆಯವರ ಅಲಂಕಾರವೆಂದು ವರ್ಷದ ಮೊದಲೇ ಗೊತ್ತಾಗಿರುತ್ತದೆ. ಅದರ ಪಕ್ಕದಲ್ಲಿಯೇ ಇನ್ನೊಂದು ಪಟ್ಟಿ ಏಕಿರಬಾರದು? ನಮ್ಮ ನಡುವೆ ಬಹುಕಾಲದಿಂದ ಮಲಗಿರುವವರು ಯಾರು, ಯಾವ ವಾರ ಯಾರು ಅಲ್ಲಿಗೆ ಹೋಗಿ ಎರಡು ಗಂಟೆ ಕೂರುತ್ತಾರೆ ಎಂಬ ಸರದಿ. ಹೋದವರು ಉಪದೇಶ ಮಾಡಬೇಕಾಗಿಲ್ಲ. ಏನು ಬೇಕೆಂದು ಕೇಳಿದರೆ ಸಾಕು. ಔಷಧದ ಅಂಗಡಿಗೆ ಹೋಗಿಬರುವುದು, ಬ್ಯಾಂಕಿನ ಕೆಲಸ, ಉಣಿಸುವುದು, ಮಗ್ಗುಲು ಬದಲಿಸಲು ಕೈಗೂಡಿಸುವುದು, ಮನೆಯಾಕೆ ಮಲಗಲೆಂದು ಬಾಗಿಲ ಬಳಿ ಕಾಯುವುದು, ಇವೆಲ್ಲವೂ ಸೇವೆಯೇ. ಉತ್ಸವದ ದಿನ ದೇವಸ್ಥಾನಕ್ಕೆ ಬರಲಾಗದವರ ಮನೆಗೆ ತೀರ್ಥಪ್ರಸಾದವನ್ನು ಮೊದಲು ಕಳುಹಿಸುವ ಪದ್ಧತಿಯಾಗಲಿ. ಸಾವಾದ ಮನೆಯಲ್ಲಿ ಹದಿನಾಲ್ಕನೆಯ ದಿನ ಬಾಗಿಲು ಮುಚ್ಚುತ್ತದೆ. ನಿಜವಾದ ಶೂನ್ಯವು ಅಂದಿನಿಂದ ಆರಂಭವಾಗುತ್ತದೆ. ಮಾಸಿಕಗಳನ್ನು ಒಟ್ಟಿಗೆ ಮುಗಿಸಿಬಿಡುವ ಈ ಕಾಲದಲ್ಲಿ, ಆ ತಿಥಿಯನ್ನು ನೆನಪಿಟ್ಟುಕೊಂಡು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿಬರುವ ಒಬ್ಬರನ್ನಾದರೂ ನಿಯಮಿಸಬೇಕು. ಸತ್ತವರ ಹೆಸರೆತ್ತಿದರೆ ಅವರಿಗೆ ದುಃಖವಾದೀತೆಂದು ನಾವು ಹಿಂಜರಿಯುತ್ತೇವೆ. ಅವರು ಹಗಲಿರುಳೂ ನೆನೆಯುತ್ತಿರುವ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಲು ಅವರು ಹಂಬಲಿಸುತ್ತಿರುತ್ತಾರೆ.

ಲೇಖನದ ಆರಂಭದಲ್ಲಿ ಹೇಳಿದ ಗೆಳೆಯರ ವಿಷಯವನ್ನು ಹೇಳಿ ಮುಗಿಸುತ್ತೇನೆ. ಅಂದು ಮಧ್ಯಾಹ್ನವೇ ಅವರ ಮನೆಗೆ ಹೋದೆ. ಎಂಟು ತಿಂಗಳ ನನ್ನ ಅಪರಾಧಕ್ಕೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಬಾಗಿಲು ತೆರೆದ ಆ ತಾಯಿ, “ಬನ್ನಿ ರಾಯರೆ, ನಿಮ್ಮನ್ನ ನೆನೆಸಿಕೊಳ್ತಾನೇ ಇದ್ದರು” ಎಂದರೇ ಹೊರತು ಬೇರೆ ಮಾತಾಡಲಿಲ್ಲ. ಏನು ಮಾಡಲಿ ಎಂದು ಕೇಳಿದೆ. ಗೆಳೆಯರಿಗೆ ಮಾತು ಸ್ಪಷ್ಟವಿಲ್ಲ. ಬಲಗೈಯನ್ನು ಕಿಟಕಿಯ ಕಡೆಗೆ ಎತ್ತಿದರು. ಅವರ ಮಂಚ ಗೋಡೆಯ ಕಡೆಗೆ ಮುಖವಾಗಿತ್ತು. ಅದನ್ನು ತಿರುಗಿಸಿದರೆ ಕಿಟಕಿಯಿಂದ ಅಂಗಳದ ತುಳಸೀಬೃಂದಾವನ ಕಾಣುತ್ತದೆ. ಎರಡು ವರ್ಷದಿಂದ ಅವರಿಗೆ ಆ ಆಸೆ. ಭಾರವಾದ ಆ ಹಳೆಯ ಮಂಚವನ್ನು ಆ ತಾಯಿಯೊಬ್ಬರಿಂದ ಕದಲಿಸಲಾಗುತ್ತಿರಲಿಲ್ಲ. ಇನ್ನೊಬ್ಬರನ್ನು ಕರೆಯಲು ಸಂಕೋಚ. ನಾನು ಹೋಗಿ ಪಕ್ಕದ ಮನೆಯ ಹುಡುಗನನ್ನು ಕರೆತಂದೆ. ಇಬ್ಬರೂ ಸೇರಿ ಮಂಚವನ್ನು ತಿರುಗಿಸಲು ಐದು ನಿಮಿಷ ಹಿಡಿಯಿತು. ಐದು ನಿಮಿಷದ ಕೆಲಸ ಎರಡು ವರ್ಷ ಕಾದಿತ್ತು.

ಮರುದಿನ ಮಧ್ವನವಮಿ. ಬೆಳಗ್ಗೆ ಹತ್ತು ಗಂಟೆಗೆ ಹೋಗಿ ಗೆಳೆಯರ ಬಳಿ ಕುಳಿತೆ. ಆ ತಾಯಿ ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ದೇವಸ್ಥಾನಕ್ಕೆ ಹೋಗಿ, ಸುಮಧ್ವವಿಜಯದ ಪಾರಾಯಣವನ್ನು ಕೇಳಿ, ತೀರ್ಥಪ್ರಸಾದವನ್ನು ಸ್ವೀಕರಿಸಿ, ಮಧ್ಯಾಹ್ನ ಎರಡು ಗಂಟೆಗೆ ಹಿಂದಿರುಗಿದರು. ಅಷ್ಟು ಹೊತ್ತೂ ಗೆಳೆಯರು ತುಳಸಿಯನ್ನು ನೋಡುತ್ತಿದ್ದರು. ನಾನು ಅವರ ಉಸಿರನ್ನು ಕೇಳುತ್ತಿದ್ದೆ. ಅಂದು ನಾನು ದೇವಸ್ಥಾನಕ್ಕೆ ಹೋಗಲಾಗಲಿಲ್ಲ. ಆದರೂ ನನ್ನ ಪಾಲಿನ ಮಧ್ವನವಮಿಗೆ ಏನೂ ಕೊರತೆಯಾದಂತೆ ನನಗೆ ತೋರಲಿಲ್ಲ.

ಈ ಬಾರಿಯೂ ಭೀಷ್ಮಾಷ್ಟಮಿ ಬರುತ್ತಿದೆ. ಆಸ್ತಿಕ ಬಂಧುಗಳು ತಪ್ಪದೆ ತರ್ಪಣವನ್ನು ಕೊಡಬೇಕು. ಕೊಟ್ಟ ಕೈ ಒಣಗುವ ಮೊದಲು, ತಮ್ಮ ಬೀದಿಯಲ್ಲಿ ಮಲಗಿರುವವರೊಬ್ಬರ ಮನೆಗೆ ಹೋಗಿ, ತಲೆದಿಂಬು ಸರಿಯಾಗಿದೆಯೆ ಎಂದು ಕೇಳಬೇಕು.

ಶ್ರೀಕೃಷ್ಣಾರ್ಪಣಮಸ್ತು.